ಆಗಮನ ಕಾಲದ ಒಂದು ಪ್ರಬೋಧನೆ, ಒಂದು ಸಾಮ್ರಾಜ್ಯ

ಆಗಮನ ಕಾಲದ ನಾಲ್ಕನೆಯ ಭಾನುವಾರ ಎಂದರೆ ನಮ್ಮ ಮನೆಗಳಲ್ಲಿ ಅರ್ಧ ಮನಸ್ಸು ಪೂಜೆಯಲ್ಲಿ, ಇನ್ನರ್ಧ ಗೋದಲಿಯಲ್ಲಿ. ಮಕ್ಕಳಿಗೆ ನಕ್ಷತ್ರ ಕಟ್ಟುವ ಆತುರ, ಅಮ್ಮಂದಿರಿಗೆ ಕಜ್ಜಾಯದ ಪಾಕದ ಚಿಂತೆ. ಸ್ನಾನಿಕ ಯೊವಾನ್ನರ ಬಗ್ಗೆ ಗುರುಗಳು ಬೆಳಿಗ್ಗೆ ಏನು ಹೇಳಿದರೆಂದು ಮಧ್ಯಾಹ್ನದ ಹೊತ್ತಿಗೆ ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವೋ! ಆದರೆ ಐದು ಶತಮಾನಗಳ ಹಿಂದೆ, 1511ರ ಡಿಸೆಂಬರ್ 21ರಂದು, ಇದೇ ಭಾನುವಾರ ಕೊಟ್ಟ ಒಂದು ಪ್ರಬೋಧನೆಯನ್ನು ಕೇಳಿದವರಿಗೆ ಆ ದಿನದ ಊಟ ರುಚಿಸಲಿಲ್ಲ. ಊರಿನ ಗಣ್ಯರೆಲ್ಲ ಗುಂಪುಗೂಡಿ ಗುರುಗಳ ಬಾಗಿಲಿಗೆ ಹೋದರು. ದೂರು ಸಮುದ್ರ ದಾಟಿ ಅರಸನ ಕಿವಿಗೂ ಬಿತ್ತು.

ಆ ಊರು ಸಾಂತೊ ದೊಮಿಂಗೊ. ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲ ದ್ವೀಪದಲ್ಲಿ ಸ್ಪೇನಿನವರು ಕಟ್ಟಿದ ಪಟ್ಟಣ. ಇಂದು ಆ ದ್ವೀಪವನ್ನು ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯ ಹಂಚಿಕೊಂಡಿವೆ. ಅಂದು ದೇವಾಲಯದಲ್ಲಿ ಕುಳಿತಿದ್ದವರು ಭಾನುವಾರದ ಪೂಜೆ ತಪ್ಪಿಸದ, ಉಪವಾಸ ಹಿಡಿಯುವ, ಮಕ್ಕಳಿಗೆ ಸಂತರ ಹೆಸರಿಡುವ ಜನ. ನಮ್ಮಂಥವರೇ. ಅವರು ಅಲ್ಲಿಗೆ ಬಂದದ್ದು ಏಕೆ, ಬಂದ ಮೇಲೆ ಮಾಡಿದ್ದನ್ನು ತಮ್ಮ ಮನಸ್ಸಾಕ್ಷಿಗೆ ಏನೆಂದು ಹೇಳಿ ಒಪ್ಪಿಸಿದರು ಎಂಬುದನ್ನು ತಿಳಿಯದೆ ಆ ಪ್ರಬೋಧನೆಯ ಬಿಸಿ ನಮಗೆ ತಟ್ಟುವುದಿಲ್ಲ.

ಯುರೋಪಿನವರು ಕಡಲು ದಾಟಿದ್ದೇಕೆ ಎಂಬ ಪ್ರಶ್ನೆಗೆ ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಉತ್ತರವೊಂದಿದೆ: ಸಂಪತ್ತು, ಧರ್ಮ, ಕೀರ್ತಿ. ಮೂರು ಅಂಕದ ಪ್ರಶ್ನೆಗೆ ಮೂರು ಪದ. ಈ ಮೂರರಲ್ಲಿ ನಿಜವಾದದ್ದು ಯಾವುದು, ನೆಪ ಯಾವುದು ಎಂದು ದೊಡ್ಡವರು ವಾದಿಸುವುದೂ ಉಂಟು. ಚಿನ್ನವೇ ನಿಜ, ದೇವರು ಬರೀ ನೆಪ ಎನ್ನುತ್ತಾರೆ ಕೆಲವರು. ವಿಶ್ವಾಸ ಹರಡುವುದೇ ಮುಖ್ಯವಾಗಿತ್ತು, ದುರಾಸೆ ನಾಲ್ಕು ಜನ ಕೆಟ್ಟವರದ್ದು ಎನ್ನುತ್ತೇವೆ ನಾವು. ಎರಡೂ ಮಾತು ನಮಗೆ ಅನುಕೂಲದ ಮಾತುಗಳೆಂದು ತೋರುತ್ತದೆ. ಹಿಸ್ಪಾನಿಯೋಲದ ಕಥೆಯಲ್ಲಿ ಈ ಮೂರೂ ಬೇರೆ ಬೇರೆ ನಿಂತಿಲ್ಲ, ಒಂದೇ ಹಗ್ಗಕ್ಕೆ ಹೊಸೆದ ಮೂರು ಎಳೆಗಳಂತಿವೆ.

ಕಥೆಯ ಆರಂಭವೂ ಕ್ರಿಸ್ತ ಜಯಂತಿಯ ರಾತ್ರಿಯೇ. 1492ರ ಡಿಸೆಂಬರ್ 24ರ ನಡುರಾತ್ರಿ ಕೊಲಂಬಸನ ಸಾಂತಾ ಮರಿಯ ಹಡಗು ಹಿಸ್ಪಾನಿಯೋಲದ ಉತ್ತರ ತೀರದ ಮರಳುದಿಬ್ಬಕ್ಕೆ ಸಿಕ್ಕಿ ಒಡೆಯಿತು. ಎಲ್ಲರೂ ಮಲಗಿದ್ದರು, ಚುಕ್ಕಾಣಿ ಒಬ್ಬ ಹುಡುಗನ ಕೈಯಲ್ಲಿತ್ತು. ಬೆಳಗಾಗುವಷ್ಟರಲ್ಲಿ ಆ ನಾಡಿನ ಟೈನೋ ಜನರ ಒಡೆಯ ಗುವಾಕನಗಾರಿ ತನ್ನ ದೋಣಿಗಳನ್ನೂ ಆಳುಗಳನ್ನೂ ಕಳುಹಿಸಿ ಹಡಗಿನ ಸರಕನ್ನೆಲ್ಲ ದಡಕ್ಕೆ ಸಾಗಿಸಿಕೊಟ್ಟ. ಒಂದು ಸಣ್ಣ ವಸ್ತುವೂ ಕಳುವಾಗಲಿಲ್ಲವೆಂದು ಕೊಲಂಬಸನೇ ದಿನಚರಿಯಲ್ಲಿ ಬರೆದುಕೊಂಡ. ಒಡೆದ ಹಡಗಿನ ಮರದಿಂದ ಅಲ್ಲೊಂದು ಕೋಟೆ ಎದ್ದಿತು. ಹಬ್ಬದ ದಿನದ ನೆನಪಿಗೆ ಅದಕ್ಕೆ ಇಟ್ಟ ಹೆಸರು ಲಾ ನವಿದಾದ್, ಎಂದರೆ ಕ್ರಿಸ್ತ ಜಯಂತಿ. ಹೊಸ ಲೋಕದಲ್ಲಿ ಸ್ಪೇನಿನವರ ಮೊದಲ ಕೋಟೆಗೆ ನಮ್ಮ ಹಬ್ಬದ ಹೆಸರು! ಅಲ್ಲಿ ಉಳಿದ 39 ಜನ ಚಿನ್ನಕ್ಕಾಗಿ, ಹೆಂಗಸರಿಗಾಗಿ ಊರೂರು ನುಗ್ಗಿದರು. ಮರುವರ್ಷ ನವೆಂಬರಿನಲ್ಲಿ ಕೊಲಂಬಸ್ 17 ಹಡಗುಗಳೊಡನೆ ಹಿಂದಿರುಗಿದಾಗ ಕೋಟೆ ಸುಟ್ಟು ಬೂದಿಯಾಗಿತ್ತು, ಅವರಲ್ಲಿ ಒಬ್ಬನೂ ಬದುಕಿರಲಿಲ್ಲ.

ಹಡಗು ಒಡೆದ ಮರುದಿನ, ಡಿಸೆಂಬರ್ 26ರ ದಿನಚರಿಯಲ್ಲಿ ಕೊಲಂಬಸ್ ಇನ್ನೊಂದು ಮಾತು ಬರೆದಿದ್ದಾನೆ. ಇಲ್ಲಿ ಸಿಗುವ ಚಿನ್ನದ ಲಾಭವನ್ನೆಲ್ಲ ಜೆರುಸಲೇಮಿನ ಪವಿತ್ರ ಸಮಾಧಿಯನ್ನು ಮರಳಿ ಗೆಲ್ಲುವುದಕ್ಕೆ ಖರ್ಚು ಮಾಡಬೇಕೆಂಬುದು ಅವನ ಬಯಕೆ. ಇದನ್ನು ಬೂಟಾಟಿಕೆ ಎನ್ನಲು ನಮಗೆ ಮನಸ್ಸಾಗುವುದಿಲ್ಲ. ಆ ಮನುಷ್ಯ ಅದನ್ನು ನಂಬಿದ್ದ. ಅವನ ಕಾಲವೇ ಹಾಗಿತ್ತು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಗಿತ್ತು. 1492ರ ಜನವರಿ 2ರಂದು ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯ ಗ್ರಾನಡ ಶರಣಾಯಿತು. ಅದೇ ವರ್ಷ ಮಾರ್ಚ್ 31ರಂದು ಯೆಹೂದ್ಯರನ್ನು ದೇಶದಿಂದ ಹೊರಹಾಕುವ ಆಜ್ಞೆ ಹೊರಟಿತು. ಕತ್ತಿ ಮತ್ತು ಶಿಲುಬೆ ಒಟ್ಟಿಗೇ ನಡೆಯುತ್ತವೆ ಎಂಬುದನ್ನು ತಲೆಮಾರುಗಳಿಂದ ಕಂಡ ಜನ ಅವರು. ಗ್ರಾನಡದ ಯುದ್ಧ ಮುಗಿದು ಕೆಲಸವಿಲ್ಲದೆ ಕುಳಿತಿದ್ದ ಸೈನಿಕರು, ಆಸ್ತಿಯೆಲ್ಲ ಹಿರಿಯಣ್ಣನ ಪಾಲಾಗಿ ಬರೀ ಮನೆತನದ ಹೆಸರನ್ನಷ್ಟೇ ಹೊತ್ತ ಕಿರಿಯ ಮಕ್ಕಳು ಹಡಗು ಹತ್ತಿದರು. ಹಡಗು ಕಟ್ಟಲು ಸಾಲ ಕೊಟ್ಟವರಿಗೆ ಹಣ ಮರಳಬೇಕು. ಸಿಕ್ಕ ಚಿನ್ನದಲ್ಲಿ ಅರಸನಿಗೂ ಪಾಲು ಸಲ್ಲಬೇಕು. ಹೀಗೆ ಭಕ್ತಿಯ ಕನಸಿಗೂ ಸಾಲದ ಲೆಕ್ಕಕ್ಕೂ ಬೇಕಾದದ್ದು ಒಂದೇ ವಸ್ತು, ಚಿನ್ನ.

ಇದಕ್ಕೆ ಹಕ್ಕುಪತ್ರ ಬರೆದುಕೊಟ್ಟವರು ಯಾರು? ಇಲ್ಲಿ ನಮ್ಮ ಮನೆಯ ಮಾತನ್ನೇ ಆಡಬೇಕಾಗುತ್ತದೆ. 1455ರ ಜನವರಿ 8ರಂದು ಜಗದ್ಗುರು ಐದನೆಯ ನಿಕೊಲಸ್ ಪೋರ್ಚುಗಲ್ಲಿನ ಅರಸ ಐದನೆಯ ಅಫೊನ್ಸೊಗೆ ಶಾಸನಪತ್ರವೊಂದನ್ನು ನೀಡಿದರು. ಕ್ರೈಸ್ತರಲ್ಲದವರ ನಾಡುಗಳನ್ನು ಗೆಲ್ಲಲು, ಅವರ ಆಸ್ತಿಯನ್ನು ವಶಪಡಿಸಿಕೊಳ್ಳಲು, ಅವರನ್ನು ಶಾಶ್ವತ ದಾಸ್ಯಕ್ಕೆ ಒಳಪಡಿಸಲು ಅದರಲ್ಲಿ ಅನುಮತಿ ಇತ್ತು. ಆಫ್ರಿಕದ ಕರಾವಳಿಯಲ್ಲಿ ಆಗಲೇ ನಡೆಯುತ್ತಿದ್ದ ಗುಲಾಮರ ವ್ಯಾಪಾರಕ್ಕೆ ಅದು ಆಸರೆಯಾಯಿತು. ಕೊಲಂಬಸ್ ಹಿಂದಿರುಗಿದ ಮೇಲೆ, 1493ರ ಮೇ ತಿಂಗಳಲ್ಲಿ, ಸ್ಪೇನಿನಲ್ಲೇ ಹುಟ್ಟಿದ ಜಗದ್ಗುರು ಆರನೆಯ ಅಲೆಕ್ಸಾಂಡರ್ ಅಜೋರ್ಸ್ ಮತ್ತು ಕೇಪ್ ವರ್ಡ್ ದ್ವೀಪಗಳಿಂದ ನೂರು ಹರದಾರಿ ಪಶ್ಚಿಮಕ್ಕೆ ಒಂದು ಗೆರೆ ಎಳೆದು, ಅದರಾಚೆ ಕಂಡುಹಿಡಿದ ನಾಡುಗಳನ್ನೆಲ್ಲ ಸ್ಪೇನಿನ ಅರಸರಿಗೆ ಬರೆದುಕೊಟ್ಟರು. ಅಲ್ಲಿನ ಜನರಿಗೆ ವಿಶ್ವಾಸವನ್ನು ಬೋಧಿಸಬೇಕೆಂಬುದು ಅದರಲ್ಲಿ ಅರಸರ ಮೇಲೆ ಹೊರಿಸಿದ ಹೊಣೆ. ಮರುವರ್ಷ ತೋರ್ದೆಸಿಯಾಸ್ ಒಪ್ಪಂದದಲ್ಲಿ ಎರಡೂ ದೇಶಗಳು ಆ ಗೆರೆಯನ್ನು 370 ಹರದಾರಿಗೆ ಸರಿಸಿಕೊಂಡವು. ತಮ್ಮ ಮನೆಯಂಗಳದಲ್ಲಿ ಇಂಥದ್ದೊಂದು ಗೆರೆ ಹಾದುಹೋಯಿತೆಂದು ಆ ನಾಡುಗಳ ಯಾರಿಗೂ ತಿಳಿಯಲಿಲ್ಲ.

ಆ ಗೆರೆಯ ಪೂರ್ವಭಾಗದಲ್ಲಿ ನಾವೂ ಇದ್ದೆವು. ವಾಸ್ಕೊ ಡ ಗಾಮ 1499ರಲ್ಲಿ ಮರಳಿದ ಮೇಲೆ ಪೋರ್ಚುಗಲ್ಲಿನ ಅರಸ ಮಾನುವೆಲ್ ತನ್ನ ಬಿರುದುಗಳ ಸಾಲಿಗೆ ಇಥಿಯೋಪಿಯ, ಅರೇಬಿಯ, ಪರ್ಶಿಯ, ಇಂಡಿಯಗಳ ವಿಜಯಕ್ಕೂ ನೌಕಾಯಾನಕ್ಕೂ ವ್ಯಾಪಾರಕ್ಕೂ ತಾನೇ ಒಡೆಯ ಎಂದು ಸೇರಿಸಿಕೊಂಡ. 1510ರ ನವೆಂಬರಿನಲ್ಲಿ ಗೋವೆ ಅವರ ವಶವಾಯಿತು. 1568-69ರಲ್ಲಿ ನಮ್ಮ ಮಂಗಳೂರು, ಹೊನ್ನಾವರ, ಬಸ್ರೂರುಗಳಲ್ಲಿ ಅವರ ಕೋಟೆಗಳೆದ್ದವು. ಅವರ ರಹದಾರಿ ಚೀಟಿ ಇಲ್ಲದ ಹಡಗು ನಮ್ಮ ಕಡಲಲ್ಲೇ ಕೊಳ್ಳೆಹೋಗುತ್ತಿತ್ತು. ಕನ್ನಡ ಭಾಷೆ ಆ ದಿನಗಳನ್ನು ತಮಾಷೆಯಾಗಿ ನೆನಪಿಟ್ಟುಕೊಂಡಿದೆ. ಬಂದವನು ಪರಂಗಿ, ಅವನು ಹೊತ್ತು ತಂದ ತೋಪು ಫಿರಂಗಿ, ಅವನ ಹಡಗಿನಲ್ಲಿ ಅಮೆರಿಕದಿಂದ ಬಂದ ಹಣ್ಣು ಪರಂಗಿ ಹಣ್ಣು. ಪಪ್ಪಾಯಿ ಎಂಬ ಅದರ ಇನ್ನೊಂದು ಹೆಸರು ಕೆರಿಬಿಯನ್ ಜನರ ನುಡಿಯಿಂದಲೇ ಬಂದದ್ದು. ವಿಶ್ವಾಸವೂ ನಮ್ಮ ಕರಾವಳಿಯ ಎಷ್ಟೋ ಮನೆತನಗಳಿಗೆ ಬಂದದ್ದು ಅದೇ ಹಡಗುಗಳಲ್ಲಿ ಎಂಬುದನ್ನು ಮರೆಯಲಾಗದು. 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಗುರು ಚಿನ್ನಾಮಿಯವರ ಬೆನ್ನಿಗೆ ಫಿರಂಗಿ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಇರಲಿ, ಹಿಸ್ಪಾನಿಯೋಲಕ್ಕೆ ಮರಳೋಣ.

ಮೊದಲ ಭೇಟಿಯಲ್ಲಿ ಸ್ಪೇನಿನವರು ಟೈನೋ ಜನರಿಗೆ ಕಾಣಿಕೆ ಕೊಟ್ಟ ವಸ್ತುಗಳಲ್ಲಿ ಸಣ್ಣ ಗೆಜ್ಜೆಗಳಿದ್ದವು. ಬೇಟೆಯ ಡೇಗೆಯ ಕಾಲಿಗೆ ಕಟ್ಟುವಂಥವು. ಅದರ ಝಣಝಣ ಸದ್ದು ಆ ಜನಕ್ಕೆ ಬಹಳ ಹಿಡಿಸಿತ್ತು. 1495ರಲ್ಲಿ ಅದೇ ಗೆಜ್ಜೆ ಅಳತೆಯ ಪಾತ್ರೆಯಾಯಿತು. ಚಿನ್ನ ಸಿಗುವ ಸಿಬಾವೊ ಸೀಮೆಯಲ್ಲಿ ಹದಿನಾಲ್ಕು ದಾಟಿದ ಪ್ರತಿಯೊಬ್ಬನೂ ಮೂರು ತಿಂಗಳಿಗೊಮ್ಮೆ ಒಂದು ಗೆಜ್ಜೆ ತುಂಬ ಚಿನ್ನದ ಪುಡಿ ತಂದು ಸುರಿಯಬೇಕು. ತಂದವನ ಕೊರಳಿಗೆ ಒಂದು ಲೋಹದ ಬಿಲ್ಲೆ, ಬಿಲ್ಲೆ ಇಲ್ಲದವನಿಗೆ ಶಿಕ್ಷೆ. ಹೊಳೆಯ ಮರಳಿನಲ್ಲಿ ಅಷ್ಟು ಚಿನ್ನ ಇರಲೇ ಇಲ್ಲ. ಅದೇ ವರ್ಷ ಐನೂರಕ್ಕೂ ಹೆಚ್ಚು ಜನರನ್ನು ಗುಲಾಮರನ್ನಾಗಿ ಸ್ಪೇನಿಗೆ ಸಾಗಿಸಿದರು. ಸುಮಾರು ಇನ್ನೂರು ಮಂದಿ ದಾರಿಯಲ್ಲೇ ಸತ್ತರು.

ರಾಣಿ ಇಸಬೆಲ್ಲಳಿಗೆ ಇದು ಹಿಡಿಸಲಿಲ್ಲ. ಆ ಜನ ತನ್ನ ಪ್ರಜೆಗಳು, ಗುಲಾಮರಲ್ಲ ಎಂದಳು. ಆದರೆ ಚಿನ್ನ ಬೇಡ ಎನ್ನಲಿಲ್ಲ. ಅಲ್ಲಿ ಹುಟ್ಟಿಕೊಂಡದ್ದು ಎಂಕೊಮಿಯೆಂಡ ಎಂಬ ಏರ್ಪಾಡು. ಪದದ ಅರ್ಥ ಒಪ್ಪಿಸಿಕೊಡುವುದು ಎಂದು. ಒಬ್ಬ ಸ್ಪೇನಿನವನಿಗೆ ಐವತ್ತೋ ನೂರೋ ಟೈನೋ ಜನರನ್ನು ಒಪ್ಪಿಸಿಕೊಡುವುದು, ಅವನು ಅವರನ್ನು ಕಾಪಾಡಿ ಧರ್ಮೋಪದೇಶ ಕೊಡಿಸುವುದು, ಪ್ರತಿಯಾಗಿ ಅವರು ಅವನ ಗಣಿಯಲ್ಲಿ, ಹೊಲದಲ್ಲಿ ದುಡಿಯುವುದು. 1503ರ ಡಿಸೆಂಬರಿನ ರಾಜಾಜ್ಞೆ ಆ ಜನರನ್ನು ಬಲವಂತವಾಗಿ ದುಡಿಸಬಹುದೆಂದೂ, ಸ್ವತಂತ್ರರಾದ್ದರಿಂದ ಕೂಲಿ ಕೊಡಬೇಕೆಂದೂ ಒಂದೇ ಉಸಿರಿನಲ್ಲಿ ಹೇಳಿತು. ಕಾಗದದಲ್ಲಿ ಅವರು ಸ್ವತಂತ್ರರು. ನೆಲದ ಮೇಲೆ ಗಂಡಸರು ತಿಂಗಳುಗಟ್ಟಲೆ ಗಣಿಯಲ್ಲಿ, ಹೆಂಗಸರು ಕಸಾವ ಗೆಡ್ಡೆಯ ಹೊಲದಲ್ಲಿ. ಎದೆಹಾಲು ಬತ್ತಿ ಕೂಸುಗಳು ಸತ್ತವು. 1508ರ ಸುಮಾರಿಗೆ 60 ಸಾವಿರ ಎಂದು ಎಣಿಸಿದ್ದ ಜನ 1514ರ ಹೊತ್ತಿಗೆ ಸುಮಾರು 25 ಸಾವಿರಕ್ಕೆ ಇಳಿದಿದ್ದರು. ಕೊಲಂಬಸ್ ಬರುವ ಮೊದಲು ಎಷ್ಟಿದ್ದರೆಂಬುದರ ಬಗ್ಗೆ ಪಂಡಿತರ ಲೆಕ್ಕಗಳು ತುಂಬ ಬೇರೆ ಬೇರೆ. ಸಿಡುಬು ಆ ದ್ವೀಪಕ್ಕೆ ಕಾಲಿಟ್ಟದ್ದು 1518ರ ಕೊನೆಯಲ್ಲಿ. ಕೊಂದದ್ದೆಲ್ಲ ರೋಗ, ಮನುಷ್ಯರಲ್ಲ ಎಂಬ ಸಮಾಧಾನದ ಮಾತಿಗೆ ಈ ಒಂದು ವರ್ಷಸಂಖ್ಯೆ ಸಾಕು.

ದುಡಿಸಿಕೊಳ್ಳುವವನೇ ಧರ್ಮೋಪದೇಶದ ಹೊಣೆಗಾರನಾದಾಗ ಏನಾಗುತ್ತದೆ ನೋಡಿ. ಅವನ ದುರಾಸೆಗೆ ಪುಣ್ಯದ ಹೆಸರು ಬಂತು. ತಾನು ಈ ಜನರ ಆತ್ಮವನ್ನು ಉಳಿಸುತ್ತಿದ್ದೇನೆ ಎಂದು ಅವನು ನಂಬಬಹುದು, ರಾತ್ರಿ ನೆಮ್ಮದಿಯಾಗಿ ನಿದ್ರಿಸಬಹುದು.

ಇಂಥ ಊರಿಗೆ 1510ರ ಸೆಪ್ಟೆಂಬರಿನಲ್ಲಿ ಡೊಮಿನಿಕನ್ ಸಭೆಯ ಕೆಲವು ಸನ್ಯಾಸಿಗಳು ಬಂದಿಳಿದರು. ಮುಖ್ಯಸ್ಥರಾದ ಪೇದ್ರೊ ದೆ ಕೊರ್ದೊಬ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಹುಲ್ಲುಮಾಡಿನ ಗುಡಿಸಲಿನಲ್ಲಿ ವಾಸ, ಬೇಡಿ ತಂದ ಊಟ. ಒಂದು ದಿನ ಅವರ ಬಳಿಗೆ ಹುವಾನ್ ಗಾರ್ಸೆಸ್ ಎಂಬುವನು ಬಂದ. ಟೈನೋ ಹೆಂಡತಿಯನ್ನು ಕೊಂದು, ಶಿಕ್ಷೆಗೆ ಹೆದರಿ ವರ್ಷಗಟ್ಟಲೆ ಬೆಟ್ಟಗಳಲ್ಲಿ ತಲೆಮರೆಸಿಕೊಂಡಿದ್ದವನು. ಪಶ್ಚಾತ್ತಾಪಪಟ್ಟು ಸಭೆಗೆ ಸೇರಿದ. ದ್ವೀಪದ ಹಳ್ಳಿಗಳಲ್ಲಿ ತಾನು ಕಂಡದ್ದನ್ನೂ ಮಾಡಿದ್ದನ್ನೂ ಅವನು ಹೇಳುತ್ತ ಹೋದ. ಕೊಲೆಗಾರನ ಬಾಯಿಂದಲೇ ಸತ್ಯ ಹೊರಬಿತ್ತು. ಸನ್ಯಾಸಿಗಳು ಪ್ರಾರ್ಥಿಸಿದರು, ಉಪವಾಸವಿದ್ದರು, ಚರ್ಚಿಸಿದರು. ಕೊನೆಗೆ ಎಲ್ಲರೂ ಕೂಡಿ ಒಂದು ಪ್ರಬೋಧನೆ ಬರೆದು, ಎಲ್ಲರೂ ಸಹಿ ಹಾಕಿದರು. ಪೀಠವೇರಿ ಹೇಳುವ ಹೊಣೆ ಮಾತಿನಲ್ಲಿ ಬಿರುಸಾದ ಅಂತೋನಿಯೊ ದೆ ಮೊಂತೆಸಿನೋಸ್ ಅವರದ್ದಾಯಿತು. ಮುಖ್ಯವಾದ ವಿಷಯವಿದೆ, ತಪ್ಪದೆ ಬನ್ನಿ ಎಂದು ಊರಿನ ದೊಡ್ಡವರಿಗೆಲ್ಲ ಹೇಳಿಕಳುಹಿಸಿದರು. ಕೊಲಂಬಸನ ಮಗ, ಅಧಿಪತಿ ದಿಯೆಗೊ ಮುಂದಿನ ಸಾಲಿನಲ್ಲಿ ಬಂದು ಕುಳಿತ.

ಅಂದಿನ ವಿಷಯ ಸ್ನಾನಿಕ ಯೊವಾನ್ನರ ಮರುಭೂಮಿಯ ದನಿ. ಈ ದ್ವೀಪವೇ ಮರುಭೂಮಿ, ಇಲ್ಲಿ ಕ್ರಿಸ್ತನ ದನಿ ನಾನು ಎಂದು ಆರಂಭಿಸಿದ ಮೊಂತೆಸಿನೋಸ್, ನೀವೆಲ್ಲರೂ ಮಾರಕ ಪಾಪದಲ್ಲಿ ಬದುಕುತ್ತಿದ್ದೀರಿ, ಅದರಲ್ಲೇ ಸಾಯುತ್ತೀರಿ ಎಂದರು. ಯಾವ ಹಕ್ಕಿನಿಂದ ಈ ಜನರನ್ನು ಇಂಥ ದಾಸ್ಯದಲ್ಲಿ ಇಟ್ಟಿದ್ದೀರಿ ಎಂದು ಕೇಳಿದರು. ತಮ್ಮ ನಾಡಿನಲ್ಲಿ ತಮ್ಮಷ್ಟಕ್ಕೆ ಇದ್ದವರ ಮೇಲೆ ಯುದ್ಧ ಹೂಡಲು ನಿಮಗೆ ಅಧಿಕಾರ ಕೊಟ್ಟವರು ಯಾರು, ಅವರು ಮನುಷ್ಯರಲ್ಲವೇ, ಅವರಿಗೆ ಆತ್ಮವಿಲ್ಲವೇ, ನಿಮ್ಮಂತೆಯೇ ಅವರನ್ನು ಪ್ರೀತಿಸುವ ಕಟ್ಟಳೆ ನಿಮಗಿಲ್ಲವೇ ಎಂದು ಒಂದೊಂದಾಗಿ ಕೇಳಿದರು. ಈ ಸ್ಥಿತಿಯಲ್ಲಿ ನಿಮಗೆ ರಕ್ಷಣೆಯ ಭರವಸೆ ತುರ್ಕರಿಗಿಂತ ಹೆಚ್ಚಿಲ್ಲ ಎಂದು ಮುಗಿಸಿದರು. ಗ್ರಾನಡವನ್ನು ಗೆದ್ದವರ ಮುಂದೆ ಆಡಿದ ಮಾತು ಇದು! ಸಾಮ್ರಾಜ್ಯದ ಇಡೀ ವಾದವೇ ನಾವು ಕ್ರೈಸ್ತರು, ಅವರು ಅಲ್ಲ ಎಂಬುದಾಗಿತ್ತು. ಒಬ್ಬ ಬಡ ಸನ್ಯಾಸಿ ಅದನ್ನು ಬುಡಸಮೇತ ಕಿತ್ತ.

ದೇವಾಲಯ ಗುಜುಗುಜು ಎಂದಿತು. ಪೂಜೆ ಮುಗಿಸಿ ಸನ್ಯಾಸಿಗಳು ಗುಡಿಸಲಿಗೆ ಹೋದರು. ಅಲ್ಲಿ ಅವರಿಗೆ ಕಾದಿದ್ದ ಊಟ ಎಣ್ಣೆಯಿಲ್ಲದ ಎಲೆಕೋಸಿನ ಸಾರು ಇರಬೇಕು ಎಂದು ಇದನ್ನೆಲ್ಲ ಬರೆದಿಟ್ಟ ಲಾಸ್ ಕಾಸಾಸ್ ಹೇಳುತ್ತಾರೆ. ಅಷ್ಟರಲ್ಲಿ ಅಧಿಪತಿಯೂ ಅಧಿಕಾರಿಗಳೂ ಬಾಗಿಲು ಬಡಿದರು. ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ನಮ್ಮ ಗಂಟು ಕಟ್ಟಲು ಹೆಚ್ಚು ಹೊತ್ತು ಬೇಕಿಲ್ಲ ಎಂಬುದು ಕೊರ್ದೊಬರ ಶಾಂತವಾದ ಉತ್ತರ. ಹೇಳಿದ್ದು ಮೊಂತೆಸಿನೋಸ್ ಒಬ್ಬರಲ್ಲ, ನಾವೆಲ್ಲರೂ ಎಂದರು. ಮುಂದಿನ ಭಾನುವಾರ ಇದೇ ವಿಷಯದ ಬಗ್ಗೆ ಮತ್ತೆ ಮಾತನಾಡುತ್ತಾರೆ ಎಂದಾಗ, ಕ್ಷಮೆ ಕೇಳುತ್ತಾರೆಂದು ತಿಳಿದು ಎಲ್ಲರೂ ಸಮಾಧಾನದಿಂದ ಮರಳಿದರು.

ಆ ಮುಂದಿನ ಭಾನುವಾರ ಡಿಸೆಂಬರ್ 28. ಹೆರೋದನ ಕತ್ತಿಗೆ ಬಲಿಯಾದ ನಿರ್ದೋಷಿ ಶಿಶುಗಳ ಹಬ್ಬ. ದೇವಾಲಯ ಕಿಕ್ಕಿರಿದಿತ್ತು. ಯೋಬನ ಗ್ರಂಥದ ಮಾತೊಂದನ್ನು ಹಿಡಿದು ಮೊಂತೆಸಿನೋಸ್ ಹಿಂದಿನ ವಾರದ್ದನ್ನೇ ಇನ್ನೂ ಗಟ್ಟಿಯಾಗಿ ಹೇಳಿದರು. ಜೊತೆಗೆ ಒಂದು ನಿರ್ಧಾರವನ್ನೂ ಸಾರಿದರು. ಈ ಜನರನ್ನು ಬಿಡುಗಡೆ ಮಾಡದವರ ಪಾಪನಿವೇದನೆಯನ್ನು ತಾವು ಕೇಳುವುದಿಲ್ಲ, ದಾರಿಗಳ್ಳರಿಗೆ ಹೇಗೆ ಪಾಪಕ್ಷಮೆ ಇಲ್ಲವೋ ಹಾಗೆ. ಬೇಕಾದರೆ ಸ್ಪೇನಿಗೆ ಬರೆದುಕೊಳ್ಳಿ ಎಂದರು.

ಬರೆದುಕೊಂಡರು. 1512ರ ಮಾರ್ಚಿನಲ್ಲಿ ಅರಸ ಫೆರ್ದಿನಾಂದನ ಉತ್ತರ ಬಂತು: ಜಗದ್ಗುರುಗಳು ಕೊಟ್ಟ ಹಕ್ಕು ನಮಗಿದೆ, ಪಂಡಿತರೂ ಒಪ್ಪಿದ್ದಾರೆ, ಆ ಸನ್ಯಾಸಿಗಳು ಬಾಯಿ ಮುಚ್ಚಲಿ. ನಮಗೆ ಹೆಚ್ಚು ನೋವು ಕೊಡುವುದು ಇನ್ನೊಂದು ಪತ್ರ. ಅದೇ ತಿಂಗಳು ಸ್ಪೇನಿನಲ್ಲಿದ್ದ ಅವರ ಸಭೆಯ ಪ್ರಾಂತ್ಯಾಧಿಕಾರಿಯೇ ಅವರನ್ನು ಗದರಿಸಿ ಬರೆದರು. ಅರಸನ ಮುಂದೆ ನೆಲಸಿಗರ ಪರವಾಗಿ ವಾದಿಸಲು ಹೋದವರೂ ಒಬ್ಬ ಫ್ರಾನ್ಸಿಸ್ಕನ್ ಸನ್ಯಾಸಿಯೇ. ಮೊಂತೆಸಿನೋಸರನ್ನು ಮುಂದಿಟ್ಟುಕೊಂಡು ಧರ್ಮಸಭೆ ಬಡವರ ಪಕ್ಷ ನಿಂತಿತ್ತು ಎಂದು ಎದೆತಟ್ಟಿಕೊಳ್ಳುವಾಗ ಈ ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಬೇಕಾಗುತ್ತದೆ.

ಮೊಂತೆಸಿನೋಸ್ ತಾವೂ ಸ್ಪೇನಿಗೆ ಹೋಗಿ ಅರಸನಿಗೆ ಎಲ್ಲವನ್ನೂ ಹೇಳಿದರು. ಅರಸ ಕೇಳಿ ಕಂಗಾಲಾದನಂತೆ. ಪಂಡಿತರ ಸಭೆ ಕೂಡಿತು. 1512ರ ಡಿಸೆಂಬರ್ 27ರಂದು ಬುರ್ಗೋಸ್ ನಗರದಲ್ಲಿ 35 ಕಾನೂನುಗಳು ಹೊರಬಂದವು. ಗರ್ಭಿಣಿಯರನ್ನು ನಾಲ್ಕು ತಿಂಗಳ ಮೇಲೆ ಗಣಿಗೆ ಕಳುಹಿಸಬಾರದು, ಯಾರನ್ನೂ ದೊಣ್ಣೆಯಿಂದ ಹೊಡೆಯಬಾರದು, ನಾಯಿ ಎಂದು ಕರೆಯಬಾರದು. ಕಾನೂನಿನಲ್ಲಿ ನಿಷೇಧಿಸಿದ್ದನ್ನು ಓದಿದರೆ ಸಾಕು, ಏನು ನಡೆಯುತ್ತಿತ್ತೆಂದು ತಿಳಿಯುತ್ತದೆ. ಆದರೆ ಮೊದಲ ಕಾನೂನೇ ಅವರನ್ನು ಸ್ಪೇನಿನವರ ಹತ್ತಿರಕ್ಕೆ ತಂದು, ಮರಳಿ ಹೋಗದಂತೆ ಹಳೆಯ ಗುಡಿಸಲುಗಳನ್ನು ಸುಡಬೇಕು ಎಂದಿತು. ಎಂಕೊಮಿಯೆಂಡ ಹಾಗೇ ಉಳಿಯಿತು.

ಅದೇ ಚರ್ಚೆಯ ಬೆನ್ನಿಗೆ ಪಾಲಾಸಿಯೋಸ್ ರೂಬಿಯೋಸ್ ಎಂಬ ನ್ಯಾಯಪಂಡಿತ ಒಂದು ಘೋಷಣಾಪತ್ರ ಸಿದ್ಧಪಡಿಸಿದ. ಯುದ್ಧಕ್ಕೆ ಮುನ್ನ ಅದನ್ನು ಎದುರಿನವರಿಗೆ ಓದಿಹೇಳಬೇಕು. ದೇವರು ಲೋಕವನ್ನು ಸೃಷ್ಟಿಸಿದ, ಪೇತ್ರನಿಗೆ ಅಧಿಕಾರ ಕೊಟ್ಟ, ಪೇತ್ರನ ಉತ್ತರಾಧಿಕಾರಿ ಈ ನಾಡನ್ನು ನಮ್ಮ ಅರಸರಿಗೆ ಕೊಟ್ಟಿದ್ದಾರೆ. ಒಪ್ಪಿದರೆ ಸರಿ, ಒಪ್ಪದಿದ್ದರೆ ಯುದ್ಧ. ಹೆಂಡಿರು ಮಕ್ಕಳು ಗುಲಾಮರಾಗುತ್ತಾರೆ, ಆಗುವ ಸಾವುನೋವಿಗೆ ನೀವೇ ಹೊಣೆ, ನಾವಲ್ಲ. ಇದನ್ನು ಓದಿದ್ದು ಸ್ಪ್ಯಾನಿಷ್ ಭಾಷೆಯಲ್ಲಿ. ಎಷ್ಟೋ ಸಲ ಖಾಲಿ ಹಳ್ಳಿಯ ಮುಂದೆ, ಮರಗಳಿಗೆ. ಗುಮಾಸ್ತ ಪಕ್ಕದಲ್ಲಿ ನಿಂತು ಓದಿದ್ದಕ್ಕೆ ಸಾಕ್ಷಿ ಬರೆದುಕೊಳ್ಳುತ್ತಿದ್ದ. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದು ಎಂದರು ಲಾಸ್ ಕಾಸಾಸ್. ನಮಗೆ ಇದು ನಗೆಯ ವಿಷಯವಾಗಿ ತೋರುವುದಿಲ್ಲ. ಕೊಳ್ಳೆ ಹೊಡೆಯಲು ಕಾಗದ ಬೇಕಿಲ್ಲ. ತಾನು ಕೊಳ್ಳೆಗಾರನಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲು ಬೇಕು.

ಈಗಾಗಲೇ ಎರಡು ಬಾರಿ ಹೆಸರು ಬಂದ ಬಾರ್ತೊಲೊಮೆ ದೆ ಲಾಸ್ ಕಾಸಾಸ್ 1502ರಲ್ಲಿ ಆ ದ್ವೀಪಕ್ಕೆ ಬಂದವರು. ಗುರುದೀಕ್ಷೆ ಪಡೆದ ಮೇಲೂ ಅವರ ಕೈಕೆಳಗೆ ಒಪ್ಪಿಸಿಕೊಟ್ಟ ಜನರಿದ್ದರು. ಒಬ್ಬ ಡೊಮಿನಿಕನ್ ಗುರು ಇದೇ ಕಾರಣಕ್ಕೆ ಅವರಿಗೆ ಪಾಪಕ್ಷಮೆ ನಿರಾಕರಿಸಿದಾಗಲೂ ಅವರು ಬದಲಾಗಲಿಲ್ಲ. ಕ್ಯೂಬದ ಆಕ್ರಮಣದಲ್ಲಿ ಪಡೆಯ ಗುರುವಾಗಿ ಹೋದರು. ಅಲ್ಲಿ ಹತುವೆ ಎಂಬ ನಾಯಕನನ್ನು 1512ರಲ್ಲಿ ಕಂಬಕ್ಕೆ ಕಟ್ಟಿ ಸುಟ್ಟರು. ದೀಕ್ಷಾಸ್ನಾನ ಪಡೆದರೆ ಸ್ವರ್ಗ ಸಿಗುತ್ತದೆ ಎಂದು ಒಬ್ಬ ಸನ್ಯಾಸಿ ಹೇಳಿದಾಗ, ಅಲ್ಲಿ ಸ್ಪೇನಿನವರು ಇರುತ್ತಾರೆಯೇ ಎಂದು ಹತುವೆ ಕೇಳಿದ. ಒಳ್ಳೆಯವರು ಇರುತ್ತಾರೆ ಎಂದರು. ಹಾಗಾದರೆ ತನಗೆ ಆ ಸ್ವರ್ಗ ಬೇಡ ಎಂದನಂತೆ. ಸುವಾರ್ತೆ ಸಾರಲು ಹೋದವರಿಗೆ ಇದಕ್ಕಿಂತ ಕಹಿಯಾದ ಉತ್ತರ ಇನ್ನೆಲ್ಲಿ ಸಿಕ್ಕಿತೋ ತಿಳಿಯೆವು.

ಲಾಸ್ ಕಾಸಾಸರ ಮನಸ್ಸು ತಿರುಗಿದ್ದೂ ಒಂದು ಹಬ್ಬದ ಪ್ರಬೋಧನೆಯ ತಯಾರಿಯಲ್ಲಿ. 1514ರ ಪೆಂತೆಕೋಸ್ತ್ ಹಬ್ಬಕ್ಕೆ ಬೈಬಲ್ ಹಿಡಿದು ಕುಳಿತಾಗ ಸಿರಾಖನ ಗ್ರಂಥದ 34ನೇ ಅಧ್ಯಾಯ ಕಣ್ಣಿಗೆ ಬಿತ್ತು. ಅನ್ಯಾಯದ ಗಳಿಕೆಯಿಂದ ಅರ್ಪಿಸುವ ಬಲಿ ದೇವರಿಗೆ ಮೆಚ್ಚಿಗೆಯಲ್ಲ, ಬಡವನ ಅನ್ನ ಕಿತ್ತುಕೊಳ್ಳುವವನು ಕೊಲೆಗಾರ ಎಂಬ ಅರ್ಥದ ಭಾಗ ಅದು. ತಾವು ಬಲಿಪೀಠದ ಮೇಲೆ ಎತ್ತುವ ರೊಟ್ಟಿ ಯಾರ ಬೆವರಿನದು ಎಂಬ ಪ್ರಶ್ನೆ ಅವರನ್ನು ದಿನಗಟ್ಟಲೆ ಕಾಡಿತು. ಆಗಸ್ಟ್ 15, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಹಬ್ಬದ ಪೂಜೆಯಲ್ಲಿ, ತಮ್ಮ ಅಧೀನದಲ್ಲಿದ್ದವರನ್ನೆಲ್ಲ ಬಿಟ್ಟುಕೊಟ್ಟಿದ್ದೇನೆಂದು ಜನರೆದುರು ಸಾರಿದರು. ಅಲ್ಲಿಂದ 1566ರಲ್ಲಿ ಸಾಯುವವರೆಗೆ ಅರ್ಧ ಶತಮಾನ ಅವರದ್ದು ಒಂದೇ ವ್ಯಾಜ್ಯ.

ಅವರನ್ನು ಸಂತನಂತೆ ತೋರಿಸಿ ಮುಂದೆ ಹೋಗುವುದು ಸುಲಭ. ಆದರೆ ಟೈನೋ ಜನರನ್ನು ಉಳಿಸುವ ಭರದಲ್ಲಿ ಅವರೇ 1516ರಲ್ಲಿ ಆಫ್ರಿಕದ ಗುಲಾಮರನ್ನು ತರಿಸಬಹುದೆಂದು ಸಲಹೆ ಕೊಟ್ಟಿದ್ದರು. 1518ರಲ್ಲಿ ಅರಸ 4,000 ಆಫ್ರಿಕನ್ನರನ್ನು ಸಾಗಿಸಲು ಪರವಾನಗಿ ಕೊಟ್ಟ. ಐದನೆಯ ನಿಕೊಲಸರ ಶಾಸನ ಕಣ್ಣಿಗೆ ಕಟ್ಟಿದ ಪಟ್ಟಿ ಅಷ್ಟು ಬಿಗಿಯಾಗಿತ್ತು. ಮುಂದೆ ಪೋರ್ಚುಗೀಸರು ಆ ಜನರನ್ನು ಹೇಗೆ ಹಿಡಿಯುತ್ತಾರೆಂದು ತಿಳಿದಾಗ, ಅದೂ ಅಷ್ಟೇ ಅನ್ಯಾಯ ಎಂದು ಬರೆದುಕೊಂಡರು. ತನ್ನ ಅಜ್ಞಾನವನ್ನು ದೇವರ ನ್ಯಾಯಪೀಠ ಮನ್ನಿಸುವುದೋ ಇಲ್ಲವೋ ಎಂಬ ಭಯ ಅವರ ಬರಹದಲ್ಲಿದೆ.

ಅನಂತರದ್ದನ್ನು ಬೇಗ ಹೇಳಿಬಿಡಬಹುದು. 1537ರ ಜೂನ್ 2ರಂದು ಜಗದ್ಗುರು ಮೂರನೆಯ ಪೌಲ್, ಆ ಜನ ನಿಜವಾದ ಮನುಷ್ಯರು, ಕ್ರೈಸ್ತರಾಗದಿದ್ದರೂ ಅವರ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಕಿತ್ತುಕೊಳ್ಳಬಾರದು ಎಂದು ಸಾರಿದರು. ಅದನ್ನು ಜಾರಿಗೆ ತರುವ ಆದೇಶವನ್ನು ಚಕ್ರವರ್ತಿ ಐದನೆಯ ಚಾರ್ಲ್ಸನ ಒತ್ತಡಕ್ಕೆ ಮಣಿದು ಮರುವರ್ಷವೇ ಹಿಂತೆಗೆದುಕೊಂಡರು. 1542ರ ಹೊಸ ಕಾನೂನುಗಳು ಎಂಕೊಮಿಯೆಂಡವನ್ನು ಮಗನಿಗೆ ದಾಟಿಸಬಾರದು ಎಂದವು. ಪೆರುವಿನ ನೆಲಸಿಗರು ದಂಗೆಯೆದ್ದು ಅರಸನ ಪ್ರತಿನಿಧಿಯನ್ನೇ ಕೊಂದರು, ಆ ನಿಯಮ ರದ್ದಾಯಿತು. 1550-51ರಲ್ಲಿ ವಯ್ಯಾದೊಲಿದ್ ನಗರದಲ್ಲಿ ಲಾಸ್ ಕಾಸಾಸ್ ಮತ್ತು ಸೆಪುಲ್ವೇದ ಎದುರುಬದುರಾದರು. ಕೆಲವರು ಹುಟ್ಟಿನಿಂದಲೇ ದಾಸರು ಎಂಬ ಅರಿಸ್ಟಾಟಲನ ಮಾತನ್ನು ಎತ್ತಿಹಿಡಿದ ಸೆಪುಲ್ವೇದ ಅಮೆರಿಕದ ನೆಲವನ್ನು ಒಮ್ಮೆಯೂ ಮೆಟ್ಟಿದವನಲ್ಲ. ತೀರ್ಪುಗಾರರು ಸ್ಪಷ್ಟ ತೀರ್ಪು ಕೊಡಲೇ ಇಲ್ಲ. 1573ರಲ್ಲಿ ಎರಡನೆಯ ಫಿಲಿಪ್ ದಾಖಲೆಗಳಲ್ಲಿ ವಿಜಯ ಎಂಬ ಪದವನ್ನು ಬಳಸಬಾರದು, ಶಾಂತಿಸ್ಥಾಪನೆ ಎಂದು ಬರೆಯಬೇಕು ಎಂದು ಆಜ್ಞೆ ಮಾಡಿದ. ಪದ ಬದಲಾಯಿತು.

ಪದ ಬದಲಾಯಿಸುವ ಈ ಚಾಳಿ ಸ್ಪೇನಿನದ್ದು ಮಾತ್ರವಲ್ಲ. ಲಾಸ್ ಕಾಸಾಸರು 1552ರಲ್ಲಿ ಅಚ್ಚು ಹಾಕಿಸಿದ ಪುಟ್ಟ ಪುಸ್ತಕವನ್ನು ಡಚ್ಚರೂ ಇಂಗ್ಲಿಷರೂ ಆಸೆಯಿಂದ ಅನುವಾದಿಸಿ, ನೋಡಿ ಈ ಕಥೋಲಿಕರ ಕ್ರೌರ್ಯ ಎಂದು ತೋರಿಸಿದರು. ಆಮೇಲೆ ತಾವೂ ಹಡಗು ಹತ್ತಿ ಅದನ್ನೇ ಮಾಡಿದರು. 19ನೇ ಶತಮಾನದ ಹೊತ್ತಿಗೆ ಆತ್ಮರಕ್ಷಣೆಯ ಜಾಗದಲ್ಲಿ ನಾಗರಿಕತೆ ಎಂಬ ಪದ ಬಂದು ಕುಳಿತಿತ್ತು. 1884-85ರ ಬರ್ಲಿನ್ ಸಮ್ಮೇಳನದಲ್ಲಿ ಕುಳಿತವರು ಆಫ್ರಿಕದ ಜನರ ನೈತಿಕ ಏಳಿಗೆಯ ಮಾತನ್ನೂ ಆಡಿದರು. ಅದೇ ಹೊತ್ತಿಗೆ ಕಾಂಗೊ ನಾಡು ಬೆಲ್ಜಿಯಮ್ಮಿನ ಅರಸ ಲಿಯೊಪೋಲ್ಡನ ಸ್ವಂತ ಸೊತ್ತಾಯಿತು. ಅಲ್ಲಿ ಗೆಜ್ಜೆ ತುಂಬ ಚಿನ್ನದ ಬದಲು ಬುಟ್ಟಿ ತುಂಬ ರಬ್ಬರ್.

ಹಳೆಯ ಶಾಸನಗಳು ಸತ್ತುಹೋಗಿರಲಿಲ್ಲ. ಕಂಡುಹಿಡಿದವನಿಗೇ ನೆಲದ ಒಡೆತನ, ಅಲ್ಲಿ ಬಾಳಿದವನಿಗೆ ವಾಸದ ಹಕ್ಕು ಮಾತ್ರ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1823ರಲ್ಲಿ ತೀರ್ಪು ಕೊಟ್ಟಿತು. ಆ ತರ್ಕದ ಬೇರು 15ನೇ ಶತಮಾನದಲ್ಲಿತ್ತು. ಜಗದ್ಗುರು ಎರಡನೆಯ ಜಾನ್ ಪೌಲ್ 2000ನೇ ಇಸವಿಯ ಮಾರ್ಚ್ 12ರಂದು ಧರ್ಮಸಭೆಯ ಮಕ್ಕಳ ಹಿಂದಿನ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. ಜಗದ್ಗುರು ಫ್ರಾನ್ಸಿಸ್ 2015ರಲ್ಲಿ ಬೊಲಿವಿಯದಲ್ಲಿ, 2022ರಲ್ಲಿ ಕೆನಡದಲ್ಲಿ ಮೂಲನಿವಾಸಿಗಳ ಮುಂದೆ ನಿಂತು ಕ್ಷಮೆ ಕೇಳಿದರು. 2023ರ ಮಾರ್ಚ್ 30ರಂದು ವ್ಯಾಟಿಕನ್ ಆ ಕಂಡುಹಿಡಿದವನ ಹಕ್ಕಿನ ವಾದವನ್ನು ಅಧಿಕೃತವಾಗಿ ನಿರಾಕರಿಸಿತು. 1455ರಿಂದ ಎಣಿಸಿದರೆ 568 ವರ್ಷ.

ಮೊಂತೆಸಿನೋಸರ ಪ್ರಬೋಧನೆ ನಮಗೆ ಸಿಕ್ಕಿದ್ದು ಲಾಸ್ ಕಾಸಾಸರು ಬರೆದ ಚರಿತ್ರೆಯಲ್ಲಿ. ತಾನು ಬರೆದದ್ದನ್ನು 40 ವರ್ಷ ಅಚ್ಚು ಹಾಕಬಾರದೆಂದು ಅವರೇ ಕೇಳಿಕೊಂಡಿದ್ದರು. ಅದು ಅಚ್ಚಾದದ್ದು 1875ರಲ್ಲಿ. ಇಂದು ಸಾಂತೊ ದೊಮಿಂಗೊದ ಕಡಲ ತೀರದಲ್ಲಿ ಮೆಕ್ಸಿಕೊ ದೇಶ ಕೊಟ್ಟ ಅವರ ಭಾರಿ ಪ್ರತಿಮೆಯಿದೆ. ಬಾಯಿಯ ಬಳಿ ಕೈ ಹಿಡಿದು ಕೂಗುತ್ತಿರುವ ಭಂಗಿ. ಮುಖ ಮಾತ್ರ ಸಮುದ್ರದ ಕಡೆಗಿದೆ. ಅಂದು ಆ ಭಾನುವಾರ ಅದು ಊರಿನವರ ಕಡೆಗೇ ಇತ್ತು.